ಏನರ ಹೆಚ್ಚು ಕಮ್ಮಿ ಆದ್ರ

ವಿಮೆ ಕಂಪನಿಯಲ್ಲಿರುವವರು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಯಾರದಾದರೂ ಮನೆಯ ಬೆಲ್ ಒತ್ತಿದರೆ ಸಾಕು, ಅದೇ ಬಂದು ಬಾಗಿಲು ತೆಗೆಯುತ್ತದೆ. ಸಾವಿನ ಮಾತಾಡಲು ಬಂದವರನ್ನು ಕೂರಿಸಿ, ಚಹಾ ಕೊಟ್ಟು, "ಸಕ್ಕರಿ ಸಾಕೇನು?" ಎಂದು ಕೇಳುವ ಜನರ ನಡುವೆ ಏನೂ ನಡೆಯದೇ ಇರುವುದಾದರೂ ಹೇಗೆ?

ನನ್ನದು ಮಾತು ಕಡಿಮೆ. ಕಾನ್ವೆಂಟಿನಲ್ಲಿ ಟೀಚರ್ "ಸೈಲೆನ್ಸ್" ಎಂದು ಹೇಳಿದ್ದನ್ನು ನಿಜವಾಗಿ ಮನಸ್ಸಿಗೆ ಹಚ್ಚಿಕೊಂಡವಳು ಇಡೀ ಕ್ಲಾಸಿನಲ್ಲಿ ನಾನೊಬ್ಬಳೇ. ನನ್ನ ಇಂಗ್ಲಿಷ್ ಶಾಲೆಯದು, ಮರಾಠಿ ರಸ್ತೆಯದು, ಕನ್ನಡ ಅಡುಗೆಮನೆಯದು. ಮೂರರಲ್ಲಿ ನಾನು ಯಾವುದನ್ನು ಆಡಿದರೂ ಎದುರಿನವರು "ಆಂ?" ಎನ್ನುತ್ತಿದ್ದರು. ಇಂಥವಳು ಪುಣೆಯಲ್ಲಿ ಜೀವವಿಮೆ ಮಾರಲು ಹೊರಟಿದ್ದೇ ಮೊದಲನೆಯ ಜೋಕು. ಉಳಿದವು ಅದರ ಮರಿಗಳು.

ಫ್ಯಾನು ಬಂದ್ ಮಾಡ್ರಿ

ಖಾಸಗಿ ವಿಮೆ ಕಂಪನಿಗಳು ಆಗಷ್ಟೇ ಅಂಗಡಿ ತೆರೆದಿದ್ದ ಕಾಲ ಅದು. ಡಿಗ್ರಿ ಮುಗಿಸಿದ್ದ ನಾನು ಒಂದು ಕಂಪನಿಗೆ ಅರ್ಜಿ ಹಾಕಿದ್ದೆ. ಸಂದರ್ಶನಕ್ಕೆ ಕೂತವರು ಅಲ್ಲಿಯ ಮ್ಯಾನೇಜರ್ ಮೇಡಂ. ಬೆಳಗಾವಿ ಕಡೆಯವರು, ದಪ್ಪ ಅಂಚಿನ ಕಾಟನ್ ಸೀರೆ, ಅದಕ್ಕಿಂತ ದಪ್ಪ ದನಿ. ನನ್ನ ಅಡ್ಡಹೆಸರು ನೋಡಿದ್ದೇ ಕನ್ನಡಕ್ಕಿಳಿದರು.

"ನಿಮ್ಮ ಬಗ್ಗೆ ಒಂದೀಟು ಹೇಳ್ರಿ."

ನಾನು ಹೇಳಿದೆ.

ಮೇಡಂ ಮುಂದಕ್ಕೆ ಬಾಗಿದರು. "ಫ್ಯಾನಿನ ಸಪ್ಪಳ ಭಾಳ ಆತು. ಬಂದ್ ಮಾಡ್ರಿ," ಎಂದರು. ಪಕ್ಕದಲ್ಲಿದ್ದವರು ಫ್ಯಾನು ಆರಿಸಿದರು. ಮೇಡಂ ಕಿವಿಯ ಹಿಂದೆ ಕೈಯಿಟ್ಟರು. "ಆ ಕಿಡಕಿನೂ ಹಾಕ್ರಿ, ರಿಕ್ಷಾದವರ ಹಾರ್ನ್." ಕಿಟಕಿಯೂ ಮುಚ್ಚಿತು. ಪೆನ್ನಿನಿಂದ ಮೇಜು ಕುಟ್ಟುತ್ತಿದ್ದವರ ಕೈಯಿಂದ ಪೆನ್ನು ಕಸಿದು ಕೆಳಗಿಟ್ಟರು. ಕೋಣೆಯಲ್ಲಿ ಗಡಿಯಾರದ ಟಿಕ್ ಟಿಕ್ ಬಿಟ್ಟರೆ ಏನೂ ಇಲ್ಲ.

"ಹಾಂ, ಈಗ ಹೇಳ್ರಿ."

"ಆಗಲೇ ಹೇಳಿ ಮುಗಿಸಿದೆ, ಮೇಡಂ," ಎಂದೆ.

ಕೆಲಸ ಸಿಕ್ಕಿತು. ಯಾಕೆ ಎಂದು ನನಗೂ ತಿಳಿಯಲಿಲ್ಲ. ಮೇಡಂ ಹೇಳಿದ ಕಾರಣ ಇಷ್ಟೇ: "ಮಾತಾಡಾವ್ರು ದಿನಾ ಬರ್ತಾರ. ಕೇಳಿಸ್ಕೊಳ್ಳಾವ್ರು ಬರೂದಿಲ್ಲ. ನೋಡೂಣು." ಆದರೆ ಷರತ್ತೂ ಹಾಕಿದರು. ಆರು ತಿಂಗಳು ಪರೀಕ್ಷೆ. ಅಷ್ಟರೊಳಗೆ ನಾಲಿಗೆ ಹೊರಳಿ ಒಂದಾದರೂ ದೊಡ್ಡ ಪಾಲಿಸಿ ತಂದರೆ ನೌಕರಿ ಖಾಯಂ. ಇಲ್ಲವಾದರೆ ರಾಂಜಣಗಾಂವದ ಗೋದಾಮಿನಲ್ಲಿ ಹಳೆಯ ಕಾಗದ ಜೋಡಿಸುವ ಕೆಲಸ. "ಅಲ್ಲಿ ಮಾತಿನ ಕೆಲಸನ ಇಲ್ಲ. ಗಣಪ್ಪನ ಗುಡಿ ಹತ್ರನ ಅದ. ದಿನಾ ದರ್ಶನ ಮಾಡು, ಆತನೂ ಮಾತಾಡೂದಿಲ್ಲ, ನೀನೂ ಮಾತಾಡೂದಿಲ್ಲ, ಇಬ್ಬರಿಗೂ ಆರಾಮ."

ಮನೆಗೆ ಬಂದು ಹೇಳಿದಾಗ ಅಪ್ಪ ಯೋಚನೆಗೆ ಬಿದ್ದರು. ಅಷ್ಟು ದೂರ ದಿನಾ ಹೋಗಿ ಬರುವುದು ಆಗದ ಮಾತು, ನೌಕರಿ ಬಿಡಬೇಕಾದೀತು ಎಂಬುದು ಅವರ ಚಿಂತೆ. ಅವ್ವ ಮಾತ್ರ ಉತ್ಸಾಹದಲ್ಲಿದ್ದಳು.

"ಬಿಟ್ರ ಬಿಡ್ಲಿ. ಮದುವಿ ಮಾಡೂಣು. ಮದುವಿಯೊಳಗ ಹುಡುಗಿ ಮಾತಾಡೂದು ಏನಿರ್ತದ?"

ಆವತ್ತಿನಿಂದಲೇ ನಾನು ಕನ್ನಡಿಯ ಮುಂದೆ ಜೋರಾಗಿ ಮಾತಾಡುವ ಅಭ್ಯಾಸ ಶುರು ಮಾಡಿದೆ.

ಲಾಭದ ಮಾತು

ಮೊದಲು ಹೋಗಿದ್ದು ಕೋಥ್ರೂಡ್ ಬಡಾವಣೆಯ ಒಂದು ಮನೆಗೆ. ಧಾರವಾಡದವರು, ಅಪ್ಪನ ಪರಿಚಯದವರು. ರಾಯರು ಬ್ಯಾಂಕಿನಲ್ಲಿ ಕ್ಲರ್ಕು. ಅವರ ಹೆಂಡತಿ ಒಗ್ಗರಣೆ ಅವಲಕ್ಕಿ ತಟ್ಟೆ ತಂದಿಟ್ಟು, "ನಮ್ಮ ಹುಡುಗಿ ಇದ್ದಂಗ ಇದ್ದಿ, ನಾಚಬ್ಯಾಡ, ತಿನ್ನು," ಎಂದರು.

ತರಬೇತಿಯಲ್ಲಿ ನಮಗೆ ಇಂಗ್ಲಿಷಿನ ಪಾಠವೊಂದನ್ನು ಬಾಯಿಪಾಠ ಮಾಡಿಸಿದ್ದರು. ಸೂಟು ಹಾಕಿದವರ ಮುಂದೆ ಹೇಳಲು ಅದು ಚೆನ್ನಾಗಿತ್ತು. ಲುಂಗಿ ಉಟ್ಟು ಸೋಫಾದ ಮೇಲೆ ಕಾಲು ಮಡಚಿ ಕೂತ ರಾಯರ ಮುಂದೆ ಇಂಗ್ಲಿಷ್ ಆಡಲು ನನಗೆ ನಾಚಿಕೆಯಾಯಿತು. ಮನಸ್ಸಿನಲ್ಲೇ ಅದನ್ನು ಒಂದೊಂದೇ ಪದ ಕನ್ನಡ ಮಾಡಿಕೊಂಡು, ಉಸಿರು ಎಳೆದು, ಕನ್ನಡಿಯ ಮುಂದಿನ ಅಭ್ಯಾಸದ ದನಿಯಲ್ಲಿ ಹೇಳಿಯೇಬಿಟ್ಟೆ:

"ದುರ್ದೈವದಿಂದ ನೀವು ಸತ್ತರೆ, ನಿಮ್ಮ ಹೆಂಡತಿಗೆ ಭಾಳ ಲಾಭ ಅದರಿ."

ರಾಯರ ಕೈಯಲ್ಲಿದ್ದ ಚಮಚ ನಿಂತಿತು. ಅವರ ಹೆಂಡತಿ ಬಂದು ನನ್ನ ತಟ್ಟೆ ಎತ್ತಿಕೊಂಡರು. ಅವಲಕ್ಕಿ ಅರ್ಧ ಉಳಿದಿತ್ತು, ಶೇಂಗಾ ಎಲ್ಲಾ ಕೊನೆಗೆ ತಿನ್ನೋಣ ಎಂದು ಬದಿಗೆ ಸರಿಸಿಟ್ಟಿದ್ದೆ.

"ಮುಸ್ಸಂಜಿ ಹೊತ್ತು, ದೀಪಾ ಹಚ್ಚೂ ಹೊತ್ತಿನ್ಯಾಗ ಎಂಥಾ ಮಾತು ತಂಗಿ ಇದು!" ಎಂದು ರಾಯರು ಎದ್ದು ನಿಂತರು. ನಾನು ಚಪ್ಪಲಿ ಹುಡುಕಿಕೊಂಡು ಹೊರಬಿದ್ದೆ. ಗೇಟಿನ ತನಕ ಬಂದಿದ್ದೆ, ಹಿಂದಿನಿಂದ ಹೆಜ್ಜೆ ಸಪ್ಪಳ. ರಾಯರ ಹೆಂಡತಿ. ಬೈಯಲು ಬಂದರೆಂದು ತಲೆ ತಗ್ಗಿಸಿ ನಿಂತೆ.

ಅವರು ಸೆರಗಿನಿಂದ ಬಾಯಿ ಮರೆಮಾಡಿಕೊಂಡು, ನನಗಿಂತ ಮೆಲ್ಲಗೆ ಕೇಳಿದರು: "ಲಾಭ ಅಂದಿ ಅಲ್ಲಾ, ಎಷ್ಟು?"

ಉಪ್ಪಿನ ಪ್ರಶ್ನೆ

ಮಾರನೇ ದಿನ ಆಫೀಸಿನಲ್ಲಿ ಈ ಕಥೆ ಕೇಳಿ ಮೇಡಂ ಹಣೆ ಹಿಡಿದುಕೊಂಡರು.

"ನೋಡವಾ, ಇಷ್ಟು ದೊಡ್ಡ ಕಂಪನಿ, ಇಷ್ಟು ಮಂದಿ ಪಗಾರ, ಎಲ್ಲಾ ನಡದದ್ದು ಅದೊಂದರ ಮ್ಯಾಲೆ. ಆದ್ರ ಅದನ್ನ ಬಾಯಿಲೆ ಅನ್ನಬಾರದು. ನಿಮ್ಮ ಅವ್ವ ಅಂಗಡಿಗೆ ಹೋಗಿ ದೀಪಾ ಹಚ್ಚಿದ ಮ್ಯಾಲೆ ಸೂಜಿ ಕೇಳ್ತಾರೇನು? ಹಂಗ ಇದು."

"ಮತ್ತೇನನ್ನಬೇಕು ಮೇಡಂ?"

"ಮರಾಠಿಯವರ ಮುಂದ 'ಕಾಹೀ ಬರಂ-ವಾಯಿಟ ಝಾಲಂ ತರ' ಅನ್ನು. ಒಳ್ಳೇದು ಕೆಟ್ಟದ್ದು ಏನಾದರೂ ಆದ್ರ. ನಮ್ಮವರ ಮುಂದ 'ಏನರ ಹೆಚ್ಚು ಕಮ್ಮಿ ಆದ್ರ' ಅನ್ನು. ಅಷ್ಟಕ್ಕ ನಿಲ್ಲಸು. ಉಳದದ್ದು ಅವರಽ ತಿಳಕೋತಾರ."

ನನಗೆ ಇದು ಬಹಳ ಹಿಡಿಸಿತು. ಸಾವಿಗೆ ಇಷ್ಟು ಮೆತ್ತಗಿನ ಹಾಸಿಗೆ ಹಾಸುವ ಮಾತು ನನ್ನ ಇಂಗ್ಲಿಷ್ ಪುಸ್ತಕಗಳಲ್ಲಿ ಎಲ್ಲೂ ಸಿಕ್ಕಿರಲಿಲ್ಲ. ದಾರಿಯುದ್ದಕ್ಕೂ "ಹೆಚ್ಚು ಕಮ್ಮಿ ಆದ್ರ, ಹೆಚ್ಚು ಕಮ್ಮಿ ಆದ್ರ" ಎಂದು ಗುನುಗುತ್ತ ಮನೆಗೆ ಬಂದೆ. ಊಟಕ್ಕೆ ಕೂತಾಗ ಅವ್ವನ ಮೇಲೆ ಪ್ರಯೋಗ ಮಾಡಿದೆ.

"ಅವ್ವಾ, ಏನರ ಹೆಚ್ಚು ಕಮ್ಮಿ ಆದ್ರ ಮುಂದ ಹೆಂಗ ಅಂತ ವಿಚಾರ ಮಾಡೀಯೇನು?"

ಅವ್ವ ಸಾರಿನ ಪಾತ್ರೆಯಲ್ಲಿ ಸೌಟು ಅದ್ದಿ, ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿ ನೋಡಿದಳು.

"ಹೆಚ್ಚೂ ಆಗಿಲ್ಲ, ಕಮ್ಮಿನೂ ಆಗಿಲ್ಲ. ಬರೊಬ್ಬರಿ ಅದ. ಸುಮ್ನ ಉಣ್ಣು."

ಹಪ್ತಾ

ಪುಣೆಯ ಹುಡುಗಿಯರು ಸ್ಕೂಟರ್ ಹತ್ತುವ ಮುಂಚೆ ಮುಖಕ್ಕೆ ಓಢಣಿ ಸುತ್ತಿಕೊಳ್ಳುವ ರೀತಿ ಹೊರಗಿನವರಿಗೆ ವಿಚಿತ್ರ ಕಾಣುತ್ತದೆ. ಕಣ್ಣು ಬಿಟ್ಟು ಮಿಕ್ಕಿದ್ದೆಲ್ಲ ಮುಚ್ಚಿರುತ್ತದೆ. ಮೊಣಕೈ ತನಕ ಕೈಗವಸು, ಮೇಲೆ ಕಪ್ಪು ಕನ್ನಡಕ. ಧೂಳು, ಬಿಸಿಲು ಎಂದು ಹೇಳುತ್ತೇವೆ. ನನಗೆ ಇನ್ನೊಂದು ಉಪಯೋಗವಿತ್ತು: ಮುಖ ಮುಚ್ಚಿದ್ದರೆ ನಾಚಿಕೆ ಕಡಿಮೆ.

ರವಿವಾರ ಪೇಟೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿಯ ಮಾಲೀಕರೊಬ್ಬರು ನಮ್ಮ ಪಾಲಿಸಿ ತೆಗೆದುಕೊಂಡಿದ್ದರು. ಕಂತು ಕಟ್ಟಲು ಮಾತ್ರ ಸತಾಯಿಸುತ್ತಿದ್ದರು. ಅವರಿಗೆ ಪಾಲಿಸಿ ಕೊಟ್ಟಿದ್ದ ಸಹೋದ್ಯೋಗಿ ರಜೆಯಲ್ಲಿದ್ದುದರಿಂದ ಮೇಡಂ ನನ್ನನ್ನು ಕಳಿಸಿದರು. ಮರಾಠಿಯಲ್ಲಿ ವಿಮೆಯ ಕಂತಿಗೆ 'ಹಪ್ತಾ' ಎನ್ನುತ್ತಾರೆ. ಪೇಟೆಯ ದಾದಾಗಳು ಅಂಗಡಿಯವರಿಂದ ಹೆದರಿಸಿ ಕೀಳುವ ಹಣಕ್ಕೂ ಹಪ್ತಾ ಎಂದೇ ಹೆಸರು. ಕಾನ್ವೆಂಟಿನಲ್ಲಿ ಈ ಎರಡನೆಯ ಅರ್ಥ ಕಲಿಸಿರಲಿಲ್ಲ.

ಮಧ್ಯಾಹ್ನ ಅಂಗಡಿ ಮುಚ್ಚಿ ಮಲಗಲು ಹೋಗುವ ಹೊತ್ತು. ಅರ್ಧ ಎಳೆದ ಶಟರಿನ ಕೆಳಗಿಂದ ಬಾಗಿ ಒಳಗೆ ಹೋದೆ. ಓಢಣಿ ಬಿಚ್ಚುವುದು ಮರೆತಿತ್ತು. ಕನ್ನಡಕವೂ ಇತ್ತು. ಮಾಲೀಕರು ಗಲ್ಲೆಯ, ಅಂದರೆ ಹಣದ ಪೆಟ್ಟಿಗೆಯ, ಹಿಂದೆ ಒಬ್ಬರೇ. ಅವರ ಹತ್ತಿರ ಹೋಗಿ, ನನ್ನ ಯಾವತ್ತಿನ ಪಿಸುದನಿಯಲ್ಲಿ ಹೇಳಿದೆ:

"ಹಪ್ತಾ ಘ್ಯಾಯಲಾ ಆಲೇಯ್." ಹಪ್ತಾ ತೆಗೆದುಕೊಳ್ಳಲು ಬಂದಿದ್ದೇನೆ.

ಅವರು ಬಿಳಿಚಿಕೊಂಡರು. "ಕುಣೀ ಪಾಠವಲಂ?" ಯಾರು ಕಳಿಸಿದ್ದು?

"ಮ್ಯಾಡಮನೀ."

"ಆತಾ ಬಾಯಕಾ ಪಣ!" ಈಗ ಹೆಂಗಸರೂ ಶುರು ಮಾಡಿದರಾ ಎಂದು ಅವರು ಗೋಡೆಯ ದೇವರ ಫೋಟೋದ ಕಡೆ ನೋಡಿದರು. ಗಲ್ಲೆ ತೆಗೆದು, ಹಣವನ್ನು ಪೇಪರಿನಲ್ಲಿ ಸುತ್ತಿ ಮುಂದೆ ಸರಿಸಿದರು. ನಾನು ಸುಮ್ಮನೆ ನಿಂತೇ ಇದ್ದೆ, ಏಕೆಂದರೆ ಮುಂದೇನು ಹೇಳಬೇಕೆಂದು ತಿಳಿಯಲಿಲ್ಲ. ಅದು ಅವರಿಗೆ ಸಾಲದು ಎಂದು ಕಂಡಿತೋ ಏನೋ, ಕಪಾಟಿನಿಂದ ಒಂದು ಹೊಸ ಊಟದ ಡಬ್ಬಿಯನ್ನೂ ತೆಗೆದು ಮೇಲಿಟ್ಟರು.

ಡಬ್ಬಿಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ, ಬ್ಯಾಗಿನೊಳಗೆ ಕೈ ಹಾಕಿದೆ. ಅವರು ಎರಡೂ ಕೈ ಮೇಲೆತ್ತಿದರು. ನಾನು ಹೊರಗೆ ತೆಗೆದದ್ದು ರಸೀದಿ ಪುಸ್ತಕ. ಬರೆದು, ಹರಿದು, ಸ್ಟಾಂಪ್ ಹಚ್ಚಿ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಮುಖದಲ್ಲಿ ಭಯ ಹೋಗಿ ಒಂದು ಥರದ ಗೌರವ ಬಂತು.

"ಪಾವತೀ ಪಣ ದೇತಾ?" ರಸೀದಿ ಬೇರೆ ಕೊಡ್ತೀರಾ? "ಫಾರ ಶಿಸ್ತ ಆಹೇ ತುಮಚ್ಯಾ ಗ್ಯಾಂಗಮಧ್ಯೇ!" ನಿಮ್ಮ ಗ್ಯಾಂಗಿನಲ್ಲಿ ಭಾರೀ ಶಿಸ್ತಿದೆ!

ಭೋರಿನ ಹಾರ

ಅಷ್ಟಾದರೂ ಅದು ಬೇರೆಯವರ ಪಾಲಿಸಿ, ನನ್ನ ಲೆಕ್ಕಕ್ಕಿಲ್ಲ. ತಿಂಗಳುಗಳು ಸರಿಯುತ್ತಿದ್ದವು. ಒಂದು ದಿನ ಚಹಾ ಹೊತ್ತಿನಲ್ಲಿ ನಾನು ಮುಖ ಸಣ್ಣದು ಮಾಡಿಕೊಂಡು ಕೂತದ್ದು ನೋಡಿ ಮೇಡಂ ತಮ್ಮ ಕಥೆ ಹೇಳಿದರು.

ತೊಂಬತ್ತರ ದಶಕದ ಮೊದಲಲ್ಲಿ ಅವರು ಸರಕಾರಿ ವಿಮೆ ಕಂಪನಿಯಲ್ಲಿದ್ದರು. ಟೈಪಿಸ್ಟ್ ಆಗಿ ಸೇರಿ ಅಧಿಕಾರಿಯಾಗಿದ್ದರು. ಪುಣೆಯ ಹತ್ತಿರದ ಭೋರ್ ಎಂಬ ಊರಿನಲ್ಲಿ ಒಂದು ಸಣ್ಣ ಕಚೇರಿಯ ಉದ್ಘಾಟನೆಗೆ ಅವರನ್ನೇ ಮುಖ್ಯ ಅತಿಥಿ ಮಾಡಿ ಕಳಿಸಿದರು. "ಪುಣೆಯಿಂದ ಸಾಹೇಬರು ಬರ್ತಾರೆ" ಎಂದಷ್ಟೇ ಊರವರಿಗೆ ಗೊತ್ತು.

"ಗಾಡಿ ನಿಂತಿತು," ಎಂದರು ಮೇಡಂ, "ನಾ ಇಳದೆ, ಡ್ರೈವರೂ ಇಳದ. ಆತ ಎತ್ತರ ಆಳು, ದೊಡ್ಡ ಮೀಸಿ, ಅವತ್ತಽ ಇಸ್ತ್ರಿ ಅಂಗಿ ಹಾಕ್ಕೊಂಡಿದ್ದ. ಮಂದಿ ಬಂದವರಽ ಆತನ ಕೊರಳಿಗೆ ಹಾರ ಹಾಕಿದ್ರು. ನನ್ನ ಕೈಯಾಗ ತೆಂಗಿನಕಾಯಿ ಕೊಟ್ಟು 'ಜರಾ ಧರಾ ತಾಯೀ', ಒಂದೀಟು ಹಿಡ್ಕೊಳ್ರಿ ಅಕ್ಕಾ, ಅಂದ್ರು."

"ನೀವು ಹೇಳಲಿಲ್ಲೇನ್ರಿ?"

"ಬಾಯಿ ತೆಗಿಯೂದರಾಗ ಬ್ಯಾಂಡ್ ಹತ್ತಿತು. ಆತ ಪಾಪ, 'ನಾ ಅಲ್ಲ, ನಾ ಅಲ್ಲ' ಅಂದ. ಸಾಹೇಬರಿಗೆ ಎಷ್ಟು ವಿನಯ ಅಂತ ಚಪ್ಪಾಳಿ ಹೊಡದ್ರು. ವೇದಿಕಿ ಹತ್ತಿಸಿದ್ರು. ರಿಬ್ಬನ್ ಕತ್ತರಿಸಿದ. ಭಾಷಣನೂ ಮಾಡಿದ. ನಾ ಮುಂದಿನ ಸಾಲಿನ್ಯಾಗ ಕಾಯಿ ಹಿಡ್ಕೊಂಡು ಕೂತು ಕೇಳಿದೆ."

"ಏನಂದ ಭಾಷಣದಾಗ?"

"ಗಾಡಿ ಹೊಡಿಯೂ ಮುಂದ ಬ್ರೇಕ್ ನೋಡ್ಕೋತೀರಿ, ಜೀವನಕ್ಕ ವಿಮಾ ಬ್ರೇಕ್ ಇದ್ದಂಗ ಅಂದ. ಅಷ್ಟು ಚಲೋ ಇತ್ತು ಅಂದ್ರ, ಇವತ್ತಿಗೂ ನನ್ನ ಭಾಷಣದಾಗ ಅದನ್ನಽ ಹೇಳ್ತೀನಿ."

"ಸಿಟ್ಟು ಬರಲಿಲ್ಲೇನ್ರಿ ನಿಮಗ?"

"ಮುಂದಿನ ಸಲ ನಾ ಹೋದಾಗ ಹಾರ ನನಗಽ ಬಿತ್ತು, ಅದು ಬ್ಯಾರೆ ಮಾತು. ಆದ್ರ ಅವತ್ತಿಂದು ಕೇಳು. ಊಟದಾಗ ಆತಗ ಬಾಸುಂದಿ ಮ್ಯಾಲಿಂದ ಮ್ಯಾಲೆ ಬಡಿಸಿದ್ರು, ಸಾಹೇಬ್ರಲ್ಲಾ. ಕಣ್ಣು ತೆಗಿಯಾಕ ಬರವಲ್ಲದು. ಘಾಟು ರಸ್ತೆ ಬ್ಯಾರೆ. ಹೊಳ್ಳಿ ಬರೂಮುಂದ ಗಾಡಿ ನಾ ಹೊಡದೆ. ಆತ ಹಿಂದಿನ ಸೀಟಿನ್ಯಾಗ ಹಾರ ಹಾಕ್ಕೊಂಡು ಪುಣೆ ತನಕಾ ಗೊರಕಿ ಹೊಡದ."

ಇಲ್ಲದ ನಾಯಿ

ಸದಾಶಿವ ಪೇಟೆಯ ಹಳೆಯ ವಾಡೆಗಳ ಬಾಗಿಲಿಗೆ ಹಾಕುವ ಪಾಟಿಗಳು, ಅಂದರೆ ಫಲಕಗಳು, ಊರಿಗೇ ಪ್ರಸಿದ್ಧ. ಅಲ್ಲಿಯವರು ಎದುರಿಗೆ ಬೈಯುವುದಿಲ್ಲ, ಬರೆದು ತೂಗುಹಾಕುತ್ತಾರೆ. ನಾನು ಹೋದ ಮನೆಯ ಮೇಲೆ ಹೀಗಿತ್ತು: 'ಒಂದರಿಂದ ನಾಲ್ಕರ ತನಕ ಬೆಲ್ ಒತ್ತಬಾರದು. ನಾಯಿ ಇದೆ. ವಿಮೆಯವರಿಗೆ ಸೂಚನೆ: ನಾಯಿಗೆ ಇನ್ನೂ ಊಟ ಆಗಿಲ್ಲ.'

ಬೇರೆಯವರಾಗಿದ್ದರೆ ನಕ್ಕು ಬೆಲ್ ಒತ್ತುತ್ತಿದ್ದರು. ನಾನು ಎದುರಿನ ಮರದ ಕೆಳಗೆ ನಿಂತೆ. ನಾಲ್ಕು ಹೊಡೆದ ಮೇಲೆ ಬಾಗಿಲು ತಾನಾಗಿಯೇ ತೆರೆಯಿತು. ಬನಿಯನ್ ತೊಟ್ಟ ನಿವೃತ್ತ ಮಾಸ್ತರರು.

"ಕಿಟಕಿಯಿಂದ ನೋಡುತ್ತಲೇ ಇದ್ದೆ," ಎಂದರು ಮರಾಠಿಯಲ್ಲಿ. "ನನ್ನ ಪಾಟಿ ಓದಿ ಅದರಂತೆ ನಡೆದವರು ನೀವೊಬ್ಬರೇ. ಒಳಗೆ ಬನ್ನಿ."

"ನಾಯಿ?" ಎಂದೆ ಹೊಸಿಲಿನಲ್ಲೇ.

"ನಾಯಿ ಎಲ್ಲಿದೆ? ನಾಯಿ ಸಾಕಿದರೆ ದಿನಾ ಖರ್ಚು. ಪಾಟಿಗೆ ಒಂದೇ ಸಲ."

ನೀರು ಕೊಟ್ಟರು. ನಾನು ಹೇಳಿದ್ದನ್ನೆಲ್ಲ ಕಿವಿಗೊಟ್ಟು ಕೇಳಿದರು, 'ಬರಂ-ವಾಯಿಟ'ಕ್ಕೆ ತಲೆದೂಗಿದರು. ಇದಾದರೂ ಆದೀತೇ ಎಂದು ನಾನು ಅರ್ಜಿ ಫಾರಂ ಹೊರಗೆ ತೆಗೆದೆ. ಕೊನೆಗೆ ಅವರು ಕನ್ನಡಕ ಒರೆಸಿ ಹಾಕಿಕೊಂಡರು.

"ಪಾಲಿಸಿ ಬೇಡ. ಆದರೆ ನಿಮ್ಮ ಕಂಪನಿಯ ಬೋರ್ಡು ಏನಾದರೂ ಇದ್ದರೆ ಒಂದು ಕೊಡಿ. 'ಈ ಮನೆಯವರಿಗೆ ವಿಮೆ ಆಗಿದೆ' ಎಂದು ನಾಯಿಯ ಪಕ್ಕದಲ್ಲಿ ಹಾಕಿಕೊಳ್ಳುತ್ತೇನೆ."

ಪ್ರೆಸ್ಸಿನ ಮುಂದೆ

ಆರನೆಯ ತಿಂಗಳ ಕೊನೆಯ ಶುಕ್ರವಾರ ಬಂತು. ನನ್ನ ಹೆಸರಿನ ಮುಂದೆ ಇನ್ನೂ ಏನೂ ಇಲ್ಲ. ಮೇಡಂ ತಾವೇ ನನ್ನನ್ನು ಗಾಡಿಯಲ್ಲಿ ಹತ್ತಿಸಿಕೊಂಡು ಚಾಕಣಕ್ಕೆ ಹೊರಟರು. ಅಲ್ಲಿ ಕಾರುಗಳಿಗೆ ಬಿಡಿಭಾಗ ಮಾಡುವ ಒಂದು ಕಾರ್ಖಾನೆ. ಮಾಲೀಕರು ಬೆಳಗಾವಿ ಕಡೆಯ ಕಾಕಾ. ಮೊದಲು ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರ ಮಾಡಿದವರು. ನಮ್ಮ ಕಂಪನಿಯಿಂದ ಯಾರು ಯಾರೋ ಹೋಗಿ ಬಂದಿದ್ದರು. ಕಾಕಾ ಎಲ್ಲರಿಗೂ ಚಹಾ ಕುಡಿಸಿ, "ನೋಡೂಣು, ಇನ್ನೊಂದೀಟು ದಿನಾ ಹೋಗ್ಲಿ," ಎಂದು ಕಳಿಸುತ್ತಿದ್ದರು.

"ಇದು ಕೂಡಿ ಬಂದ್ರ ನಿನ್ನ ಹೆಸರಿಗೆ ಹಾಕ್ತೀನಿ," ಎಂದರು ಮೇಡಂ ದಾರಿಯಲ್ಲಿ. "ಇಲ್ಲಂದ್ರ ಸೋಮವಾರ ಗಣಪ್ಪ. ಮ್ಯಾಲಿನವರು ಕೇಳವಲ್ಲರು, ನನ್ನ ಕೈಯಾಗಿಲ್ಲ ಇನ್ನ. ಮಾತೆಲ್ಲಾ ನಾ ಆಡ್ತೀನಿ. ನೀ ಬಾಯಿ ಬಿಡಬ್ಯಾಡ, ಬರೇ ತಲಿ ಅಲ್ಲಾಡ್ಸು."

ತಲೆ ಅಲ್ಲಾಡಿಸಿದೆ.

ಕಾಕಾ ಕ್ಯಾಬಿನ್ನಿನಲ್ಲಿ ಕೂರುವವರಲ್ಲ. ಅಲ್ಲಿ ಅವರ ಹೆಂಡತಿ ಕೂತು ಆಫೀಸು ನೋಡುತ್ತಿದ್ದರು. ಕಾಕಾನ ಮೇಜು ಶೆಡ್ಡಿನ ಒಳಗೆ, ದೊಡ್ಡ ಪ್ರೆಸ್ ಯಂತ್ರದ ಪಕ್ಕದಲ್ಲೇ. ತಗಡು ಬಡಿಯುವ ಆ ಯಂತ್ರ 'ಧಡ್' ಎಂದಾಗ ಮೇಜಿನ ಮೇಲಿನ ಚಹಾ ಕಪ್ಪು ಒಂದಿಷ್ಟು ಮುಂದೆ ಸರಿಯುತ್ತಿತ್ತು.

"ಒಳಗ ಕೂಡೂಣೇನ್ರಿ ಕಾಕಾ?" ಎಂದು ಮೇಡಂ ಕೂಗಿದರು.

"ಬ್ಯಾಡ್ರಿ! ಈ ಸಪ್ಪಳ ಕೇಳದಿದ್ರ ನನಗ ಧಂದೆ ಬಂದ್ ಆದಂಗ ಅನಸ್ತದ! ಇಲ್ಲೇ ಹೇಳ್ರಿ!"

ಮೇಡಂ ಶುರು ಮಾಡಿದರು. "ಕಾಕಾ, ನಿಮಗ ಏನರ..."

ಧಡ್!

"...ಹೆಚ್ಚು ಕಮ್ಮಿ ಆದ್ರ..."

ಧಡ್!

"ಹೆಚ್ಚು ಬ್ಯಾಡ!" ಎಂದು ಕಾಕಾ ಕೈ ಆಡಿಸಿದರು. "ಕಮ್ಮಿ ಮಾಡ್ರಿ!"

"ಅದಲ್ರಿ, ಹೆಚ್ಚು ಕಮ್ಮಿ..."

"ಎಷ್ಟು ಕಮ್ಮಿ?"

"ಕಮ್ಮಿ ಅಲ್ರೀ! ಹೆಚ್ಚು ಕಮ್ಮಿ!"

"ನೋಡ್ರಿ, ಮತ್ತ ಹೆಚ್ಚಿಗೇ ಬಂದ್ರಿ!"

ಧಡ್!

ಹೀಗೇ ನಡೆಯಿತು. ಬೆಳಗಾವಿಯ ಆ ದಪ್ಪ ದನಿ ಯಂತ್ರದ ಜೊತೆ ಕುಸ್ತಿಗೆ ಬಿದ್ದು ಮೊದಲು ಒಡೆಯಿತು, ಆಮೇಲೆ ಸೀಳಿತು, ಕೊನೆಗೆ ಬರೀ ಗಾಳಿಯಾಯಿತು. ಮೇಡಂ ಬಾಯಿ ತೆರೆಯುತ್ತಿದ್ದರು, ಮಾತು ಬರುತ್ತಿರಲಿಲ್ಲ. ನೀರು ಕುಡಿದರು. ಗಂಟಲು ಹಿಡಿದುಕೊಂಡು ನನ್ನ ಕಡೆ ನೋಡಿದರು. ಕಾಕಾ ಆಗಲೇ ಎದ್ದು ಕೈ ಜೋಡಿಸುತ್ತಿದ್ದರು. "ನೋಡೂಣು..." ಎಂಬುದು ಅವರ ತುಟಿಯ ಮೇಲೆ ಕಾಣಿಸಿತು.

ನನ್ನ ಕಣ್ಣ ಮುಂದೆ ರಾಂಜಣಗಾಂವದ ಗೋದಾಮು ಬಂತು. ಅದರ ಹಿಂದೆ ಅವ್ವ, ಕೈಯಲ್ಲಿ ಯಾವುದೋ ಹುಡುಗನ ಫೋಟೋ ಹಿಡಿದು. ಹೆಚ್ಚು ಕಮ್ಮಿ, ಬರಂ-ವಾಯಿಟ, ಕಲಿತಿದ್ದೆಲ್ಲ ಮರೆತು ಹೋಯಿತು. ಹೊಟ್ಟೆಯ ಆಳದಿಂದ ಉಸಿರೆಳೆದೆ. ಹುಟ್ಟಿದಾಗ ಅತ್ತ ಮೇಲೆ ಅಷ್ಟು ಜೋರಾಗಿ ನಾನು ಬಾಯಿ ತೆರೆದದ್ದು ಅದೇ ಮೊದಲು. ಸರಿಯಾಗಿ ಆ ಗಳಿಗೆಗೆ ಊಟದ ಭೋಂಗಾ, ಅಂದರೆ ಸೈರನ್, ಕೂಗಬೇಕಿತ್ತು. ಆ ದಿನ ಭೋಂಗಾ ಕೂಗಲಿಲ್ಲ. ಪ್ರೆಸ್ ಮಾತ್ರ ಗಪ್ಪನೆ ನಿಂತಿತು. ಇಡೀ ಶೆಡ್ಡು ಸ್ತಬ್ಧ. ಆ ನಿಶ್ಶಬ್ದದ ನಟ್ಟನಡುವೆ ನನ್ನ ದನಿ:

"ಕಾಕಾ! ನೀವು ಸತ್ರ!"

ತಗಡಿನ ಮಾಡು ಅದನ್ನು ಹಿಡಿದು ಇನ್ನೊಂದು ಸಲ ಹೇಳಿತು. "...ಸತ್ರ!"

ಊಟದ ಡಬ್ಬಿ ಹಿಡಿದ ಕೆಲಸಗಾರರು ಹಿಡಿದಂತೆಯೇ ನಿಂತರು. ಮೇಡಂ ಕಣ್ಣು ಮುಚ್ಚಿಕೊಂಡರು. ಕಾಕಾ ಮೆಲ್ಲಗೆ ಕುರ್ಚಿಯಲ್ಲಿ ಕೂತರು.

"ಅಂದ್ರ," ಎಂದರು, "ಇಷ್ಟು ದಿನಾ ಬಂದಾವ್ರೆಲ್ಲಾ ಹೇಳ್ತಿದ್ದದ್ದು ನಾ ಸಾಯೂ ಮಾತೇನು?"

"ಹೌದ್ರಿ," ಎಂದೆ.

"ಏನಂದಿ?"

"ಹೌದ್ರೀ!"

ಕಾಕಾ ಮೇಜು ಬಡಿದು ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ಲಾ ತಂಗಿ, ನಾ ಬೆಲ್ಲದ ಪ್ಯಾಟ್ಯಾಗ ಹುಟ್ಟಿ ಬೆಳದಾಂವ! ಬಂದಾವ್ರೆಲ್ಲಾ ಹೆಚ್ಚು ಕಮ್ಮಿ ಆದ್ರ, ಹೆಚ್ಚು ಕಮ್ಮಿ ಆದ್ರ ಅಂತಿದ್ರು. ರೇಟ್ ಏರಿಳಿತ ನಡದದ, ಪೂರಾ ಇಳೀಲಿ, ಆಮ್ಯಾಲೆ ತೊಗೊಳ್ಳೂಣು ಅಂತ ದಾರಿ ಕಾಯಾಕತ್ತಿದ್ದೆ!"

ಗದ್ದಲ ಕೇಳಿ ಅವರ ಹೆಂಡತಿ ಕ್ಯಾಬಿನ್ನಿನಿಂದ ಓಡಿ ಬಂದರು. "ಯಾರು? ಯಾರು ಸತ್ರು?"

"ನಾನಽ," ಎಂದರು ಕಾಕಾ ಕಣ್ಣೊರೆಸಿಕೊಳ್ಳುತ್ತ.

"ಯಾವಾಗ?"

"ತಡಿ, ಇನ್ನೂ ಸಹಿ ಆಗಿಲ್ಲ."

ಪ್ರೆಸ್ ನಡೆಸುವ ಕೆಲಸಗಾರನೊಬ್ಬ ಮುಂದೆ ಬಂದು ಕೇಳಿದ, "ಆಣಿ ಆಮ್ಹೀ ಮೇಲೋ ತರ?" ನಾವು ಸತ್ತರೆ? ಅವನ ಹಿಂದಿನವನೂ ಅದನ್ನೇ ಕೇಳಿದ. ಆಮೇಲೆ ಎಲ್ಲರೂ ಊಟ ಬಿಟ್ಟು ನನ್ನ ಸುತ್ತ ನೆರೆದು, ಜಾತ್ರೆಯಲ್ಲಿ ಬಳೆ ಕೇಳುವವರ ಹಾಗೆ, "ನಾನು ಸತ್ತರೆ? ನಾನು ಸತ್ತರೆ?" ಎಂದು ಶುರು ಮಾಡಿದರು. ಕಾಕಾ ಎದ್ದು ನಿಂತು ಕೈ ಮೇಲೆತ್ತಿದರು. ಅವರು ಮರಾಠಿಯಲ್ಲಿ ಹೇಳಿದ್ದು ಇದು:

"ಎಲ್ಲರದೂ ಮಾಡಿಸೋಣ! ಆದರೆ ಸಾಲಾಗಿ ನಿಂತು ಒಬ್ಬೊಬ್ಬರೇ ಸಾಯಿರಿ. ಎಲ್ಲರೂ ಕೂಡಿ ಸತ್ತರೆ ಪ್ರೊಡಕ್ಷನ್ ನಿಲ್ಲುತ್ತದೆ!"

ಕಾಕಾನದು, ಅವರ ಹೆಂಡತಿಯದು, ಕಾರ್ಖಾನೆಯ ಅಷ್ಟೂ ಜನರದು ಒಟ್ಟಿಗೆ ಆಯಿತು. ನಮ್ಮ ಬ್ರಾಂಚಿಗೆ ಅಷ್ಟು ದೊಡ್ಡ ಪಾಲಿಸಿ ಅದುವರೆಗೆ ಬಂದಿರಲಿಲ್ಲ.

ವಾಪಸ್ ಬರುವಾಗ ಗಾಡಿಯಲ್ಲಿ ಮೇಡಂ ನನ್ನ ಕಡೆ ತಿರುಗಿ ಏನೋ ಹೇಳಿದರು. ಕೇಳಿಸಲಿಲ್ಲ. ಗಾಡಿಯ ಫ್ಯಾನು ಆರಿಸಿದೆ. ಕಿಟಕಿ ಏರಿಸಿದೆ. ಕಿವಿಯ ಹಿಂದೆ ಕೈಯಿಟ್ಟು, "ಹಾಂ, ಈಗ ಹೇಳ್ರಿ ಮೇಡಂ," ಎಂದೆ.

ಅವರು ನಗುತ್ತ, ಇದ್ದಷ್ಟು ದನಿ ಕೂಡಿಸಿ, "ಆಗಲೇ ಹೇಳಿ ಮುಗಿಸಿದೆ," ಎಂದರು. ಹೇಳಿದ್ದೇನೆಂದು ಸೋಮವಾರ ನನ್ನ ಮೇಜಿನ ಮೇಲಿಟ್ಟಿದ್ದ ಪೇಢೆಯ ಪೊಟ್ಟಣದಿಂದ ತಿಳಿಯಿತು. ನೌಕರಿ ಖಾಯಂ. ರಾಂಜಣಗಾಂವಕ್ಕೂ ಹೋದೆ, ಆದರೆ ಒಂದೇ ಸಲ, ಗಣಪ್ಪನಿಗೆ ಕಾಯಿ ಒಡೆಸಲು.

ಈಗ ಆ ಬ್ರಾಂಚಿಗೆ ನಾನೇ ಮ್ಯಾನೇಜರ್. ಮೇಡಂ ಇನ್ನೂ ಮೇಲೆ ಹೋದರು. ಮೇಲೆ ಅಂದರೆ ಮುಂಬಯಿಗೆ. ನಮ್ಮ ಕೆಲಸದಲ್ಲಿ ಇಂಥದನ್ನೆಲ್ಲ ಬಿಡಿಸಿ ಹೇಳಬೇಕಾಗುತ್ತದೆ. ಹೊಸದಾಗಿ ಸೇರುವ ಹುಡುಗಿಯರಿಗೆ ನಾನೂ 'ಹೆಚ್ಚು ಕಮ್ಮಿ' ಪಾಠ ಮಾಡುತ್ತೇನೆ, ಮಾಡುವಾಗ ನನಗೇ ನಗು ಬರುತ್ತದೆ. ಏಕೆಂದರೆ ವರ್ಷಕ್ಕೊಮ್ಮೆ, ಕಂತು ಕಟ್ಟುವ ದಿನ ಬೆಳಗಾದರೆ ಸಾಕು, ಚಾಕಣದಿಂದ ಫೋನ್ ಬರುತ್ತದೆ. ಹಿಂದೆ ಧಡ್ ಧಡ್ ಸಪ್ಪಳ, ಮುಂದೆ ಕಾಕಾನ ದನಿ:

"ತಂಗೀ, ಈ ವರ್ಷನೂ ನಾ ಸಾಯಲಿಲ್ಲ ನೋಡು! ರೇಟಿನ್ಯಾಗ ಏನರ ಹೆಚ್ಚು ಕಮ್ಮಿ ಮಾಡ್ತೀರೇನು?"